ನೀಲಿ ಜೆರ್ಸಿ ಮತ್ತು ಹನ್ನೆರಡು ಹುಡುಗಿಯರು: ಒಂದು ಮಳೆಗಾಲದ ಪ್ರಕರಣ

ನಾನು ಉತ್ತರ ಕನ್ನಡದ ಕುಮಟಾ ಬಳಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಆಸುಪಾಸಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ನಮ್ಮ ಹುಡುಗಿಯರ ಖೋ-ಖೋ ತಂಡದಲ್ಲಿ ಒಂದು ಮಳೆಗಾಲ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಹೆಸರು, ಮಕ್ಕಳ ಹೆಸರು ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಬೇರೆ ಶಾಲೆಯ ಪಿಇ ಟೀಚರುಗಳಿಗೆ, ಮಕ್ಕಳನ್ನು ಆಟಕ್ಕೆ ಕಳಿಸುವ ಮನೆಯವರಿಗೆ ಇದರಿಂದ ಉಪಯೋಗ ಆಗಬಹುದು. ನನ್ನ ತಪ್ಪುಗಳನ್ನೂ ಇದ್ದ ಹಾಗೇ ಹೇಳುತ್ತೇನೆ. ಅವನ್ನು ಬಿಟ್ಟರೆ ಈ ಕಥೆ ಅರ್ಧವೂ ಉಳಿಯುವುದಿಲ್ಲ.

ಹಿನ್ನೆಲೆ

ತಂಡದಲ್ಲಿ 12 ಹುಡುಗಿಯರು. 8ರಿಂದ 10ನೇ ತರಗತಿಯವರು. ಹೆಚ್ಚಿನವರು ಮೀನುಗಾರರ ಮನೆ, ಕೂಲಿ ಮನೆ, ಸಣ್ಣ ಗದ್ದೆ ಇರುವವರ ಮನೆಯ ಮಕ್ಕಳು. ಕೆಲವರು ರಜಾ ದಿನ ಇಳಿತದ ಹೊತ್ತಿಗೆ ಆಯಿಯ ಜೊತೆ ಹೊಳೆಗೆ ಇಳಿದು ಬಳಚು (ಚಿಪ್ಪುಮೀನು) ಹೆಕ್ಕುತ್ತಾರೆ. ಅಂಥ ಮಕ್ಕಳ ಕಾಲಲ್ಲಿ ಎಂಥ ಬಲ ಇರುತ್ತದೆ ಅಂತ ಖೋ-ಖೋ ಆಡಿಸಿದವರಿಗೇ ಗೊತ್ತು.

ಆ ವರ್ಷ ಜೂನ್‌ನಲ್ಲಿ ಗೋವಾದಲ್ಲಿ ಕೆಲಸ ಮಾಡುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಇಡೀ ತಂಡಕ್ಕೆ ಜೆರ್ಸಿ ಮಾಡಿಸಿ ಕಳಿಸಿದ. ಕಡು ನೀಲಿ ಬಣ್ಣ, ಬೆನ್ನಿನ ಮೇಲೆ ಹೆಸರು, ನಂಬರು, ಎದೆಯ ಮೇಲೆ ಶಾಲೆಯ ಗುರುತು. ಕೆಳಗೆ ಅದೇ ಬಟ್ಟೆಯ, ಎಲಾಸ್ಟಿಕ್ ಇರುವ ಚಡ್ಡಿ. ಅಲ್ಲಿಯವರೆಗೆ ನಮ್ಮ ಮಕ್ಕಳು ಅಣ್ಣನ ಹಳೆ ಟೀ ಶರ್ಟ್, ಮನೆಯಲ್ಲಿದ್ದ ಪ್ಯಾಂಟು ಹಾಕಿಕೊಂಡು ಆಡುತ್ತಿದ್ದರು. ಬೆನ್ನ ಮೇಲೆ ತಮ್ಮದೇ ಹೆಸರು ನೋಡಿ ಇಬ್ಬರು ಹುಡುಗಿಯರು ಅತ್ತೇ ಬಿಟ್ಟರು. ನನಗೂ ಗಂಟಲು ಕಟ್ಟಿತು.

ಅದು ಪೂರ್ತಿ ಪಾಲಿಯೆಸ್ಟರ್. ಬೇರೆ ಬಟ್ಟೆ ಆಗುವ ಹಾಗೂ ಇರಲಿಲ್ಲ. ಈಗ ಎಲ್ಲ ಕಡೆ ಕಾಣುವ, ಬಣ್ಣ ಬಟ್ಟೆಯೊಳಗೇ ಇಳಿದಂತಿರುವ ಆ ಪ್ರಿಂಟಿಗೆ ಸಬ್ಲಿಮೇಷನ್ ಎನ್ನುತ್ತಾರೆ. ಸುಮಾರು 200 ಡಿಗ್ರಿ ಶಾಖದಲ್ಲಿ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯ ಒಳಗೆ ಸೇರಿಕೊಳ್ಳುತ್ತದೆ. ಹತ್ತಿಯ ಮೇಲೆ ಅದು ನಿಲ್ಲುವುದಿಲ್ಲ. ಹೆಸರು, ನಂಬರು ಚಂದ ಬರಬೇಕು, ರೇಟೂ ಕಡಿಮೆ ಇರಬೇಕು ಅಂದರೆ ಅಂಗಡಿಯವರು ಕೊಡುವುದು ಪಾಲಿಯೆಸ್ಟರನ್ನೇ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ತೊಂದರೆ ಶುರುವಾದದ್ದು

ಜುಲೈ ಮೊದಲ ವಾರದಲ್ಲಿ ಒಬ್ಬಳು ಚೌಕದಲ್ಲಿ ಕೂತಲ್ಲೇ ಸೊಂಟ ಕೆರೆದುಕೊಳ್ಳುತ್ತಿದ್ದಳು. ನಂತರ ಇನ್ನೊಬ್ಬಳು. ಎರಡು ವಾರದಲ್ಲಿ 12 ಜನರಲ್ಲಿ 5 ಜನಕ್ಕೆ ಬೆನ್ನು, ಕುತ್ತಿಗೆ, ಕಂಕುಳಲ್ಲಿ ಕೆಂಪು ಗುಳ್ಳೆ ಎದ್ದವು. ಆಟದ ಸಾಮಾನಿನ ಕೋಣೆಯಲ್ಲಿ ಜೆರ್ಸಿ ರಾಶಿ ಹಾಕಿದರೆ ಹುಳಿ ವಾಸನೆ. ತೊಳೆದು ತಂದಾಗ ಏನೂ ಇಲ್ಲದ ಜೆರ್ಸಿ, ಮೈಗೆ ಹಾಕಿ ಹತ್ತು ನಿಮಿಷ ಓಡಿದರೆ ಮತ್ತೆ ಅದೇ ವಾಸನೆ ಬಿಡುತ್ತಿತ್ತು.

ನಾನು ಏನು ಮಾಡಿದೆ? ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸ್ವಚ್ಛತೆಯ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದೆ. ದಿನಾ ಸ್ನಾನ ಮಾಡಿ, ಸೋಪು ಸರಿಯಾಗಿ ಹಾಕಿ, ಬಟ್ಟೆ ತೊಳೆಯಿರಿ ಎಂದೆ. ಬೆವರುಸಾಲೆಯ ಪೌಡರ್ ಎರಡು ಡಬ್ಬಿ ತಂದುಕೊಟ್ಟೆ. ಹುಡುಗಿಯರು ತಲೆ ತಗ್ಗಿಸಿ ಕೇಳಿಸಿಕೊಂಡರು. ಒಬ್ಬರೂ ಎದುರು ಮಾತಾಡಲಿಲ್ಲ.

ಒಂದು ವಾರ ಕಳೆಯಿತು. ನಮ್ಮ ತಂಡದ ಅತಿ ವೇಗದ ಓಟಗಾರ್ತಿ ಪ್ರಾಕ್ಟೀಸಿಗೆ ಬರುವುದನ್ನು ನಿಲ್ಲಿಸಿದಳು. ಕೇಳಿದರೆ "ಮನೆಯಲ್ಲಿ ಕೆಲಸ ಜಾಸ್ತಿ" ಎಂದಳು. ಶಾಲೆಗೆ ಬರುತ್ತಿದ್ದಳು, ಮೈದಾನದ ಕಡೆ ಮಾತ್ರ ಮುಖ ಹಾಕುತ್ತಿರಲಿಲ್ಲ. ಮೂರ್ನಾಲ್ಕು ದಿನ ನೋಡಿ ಒಂದು ಸಂಜೆ ಅವಳ ಮನೆಗೇ ಹೋದೆ.

ಅವಳ ಆಯಿ ಚಾ ಕೊಟ್ಟರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಅಂದರು: "ಅಕ್ಕೋರೆ, ನೀವು ಸೋಪು ಹಾಕಿ ಅಂತ ಹೇಳಿದ್ರಂತೆ. ನಮ್ಮ ಹುಡುಗಿ ಎರಡು ಹೊತ್ತೂ ಮೀಯ್ತದೆ. ಬಟ್ಟೆ ನಾನೇ ತೊಳೂದು."

ಮಗಳು ಒಳಗಿನಿಂದ ಬರಲಿಲ್ಲ. ಆಯಿಯೇ ಹೇಳಿದರು. ಸೊಂಟದ ಎಲಾಸ್ಟಿಕ್ ಕೂರುವ ಜಾಗದಲ್ಲಿ, ತೊಡೆ ಸಂದಿನಲ್ಲಿ ಹುಳುಕಡ್ಡಿ ಆಗಿದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಒಂದು ಮುಲಾಮು ತಂದಿದ್ದರು. ಎರಡು ದಿನ ತುರಿಕೆ ನಿಂತಿತು, ಆಮೇಲೆ ಮೊದಲಿಗಿಂತ ದೊಡ್ಡದಾಗಿ ಹಬ್ಬಿತು. ನಾನು ಎಲ್ಲರ ಎದುರು ಮಾಡಿದ ಪಾಠ ತನಗೇ ಹೇಳಿದ್ದು ಅಂತ ಹುಡುಗಿ ತಿಳಿದುಕೊಂಡಿದ್ದಳು.

ನಾನು ಆ ದಿನ ಕೇಳಿದ ಒಂದು ಪ್ರಶ್ನೆಯಿಂದ ವಿಷಯ ತಿರುಗಿತು. ಜೆರ್ಸಿ ದಿನಕ್ಕೆ ಎಷ್ಟು ಹೊತ್ತು ಮೈಮೇಲೆ ಇರುತ್ತದೆ?

"ಬೆಳಿಗ್ಗೆ ಹಾಕಿದ್ದು ಸಂಜೆ ಮನೆಗೆ ಬಂದ ಮೇಲೇ ತೆಗೂದು ಅಕ್ಕೋರೆ."

ನನಗೆ ಮಾತೇ ಬರಲಿಲ್ಲ. ಪ್ರಾಕ್ಟೀಸ್ ಬೆಳಿಗ್ಗೆ 7:45ರಿಂದ 9. ಅದು ಮುಗಿದ ಮೇಲೆ ಹುಡುಗಿಯರು ಬೆವರಿನ, ಮಳೆಯ ಒದ್ದೆ ಜೆರ್ಸಿಯ ಮೇಲೆಯೇ ಯೂನಿಫಾರ್ಮ್ ಹಾಕಿಕೊಂಡು ಕ್ಲಾಸಿಗೆ ಹೋಗುತ್ತಿದ್ದರು. ಬಟ್ಟೆ ಬದಲಿಸಲು ಜಾಗವೇ ಇರಲಿಲ್ಲ. ಟಾಯ್ಲೆಟ್ ಎದುರು ಯಾವಾಗಲೂ ಸಾಲು. ನಾನು ಅವರ ಟೀಚರ್. ಐದು ವರ್ಷದಿಂದ ಅದೇ ಮೈದಾನದಲ್ಲಿ ನಿಂತವಳು. ಒಮ್ಮೆಯೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಡಾಕ್ಟರು ಹೇಳಿದ್ದು

ಮಾರನೇ ವಾರ ತಾಯಿ-ಮಗಳ ಜೊತೆ ನಾನೂ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮುಲಾಮಿನ ಟ್ಯೂಬ್ ನೋಡಿ, ಇದರಲ್ಲಿ ಸ್ಟೀರಾಯ್ಡ್ ಬೆರೆತಿದೆ, ತುರಿಕೆ ಅಡಗಿಸುತ್ತದೆ, ಒಳಗೆ ಶಿಲೀಂಧ್ರ ಬೆಳೆಯಲು ಬಿಡುತ್ತದೆ ಎಂದರು. ಮಾತ್ರೆ, ಬೇರೆ ಮುಲಾಮು ಬರೆದುಕೊಟ್ಟರು. ತುರಿಕೆ ನಿಂತರೂ ಔಷಧಿ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದರು. ಟವೆಲ್ ಹಂಚಿಕೊಳ್ಳಬಾರದು. ಒದ್ದೆ ಬಟ್ಟೆ ಮೈಮೇಲೆ ಇರಬಾರದು. ಸಡಿಲ ಹತ್ತಿ ಬಟ್ಟೆ ಹಾಕಬೇಕು, ಬಿಸಿ ನೀರಲ್ಲಿ ತೊಳೆದು ಇಸ್ತ್ರಿ ಮಾಡಬೇಕು.

"ಜೆರ್ಸಿಯಿಂದಲೇ ಬಂತಾ ಡಾಕ್ಟ್ರೇ?" ಎಂದು ಕೇಳಿದೆ. ಬಟ್ಟೆಯಿಂದ ಹುಳುಕಡ್ಡಿ ಹುಟ್ಟುವುದಿಲ್ಲ, ಅದು ಅಂಟಿಕೊಂಡು ಬರುವ ರೋಗ. ಆದರೆ ಬಿಸಿ, ಬೆವರು, ತಿಕ್ಕಾಟ ಮೂರೂ ಸೇರಿದ ಜಾಗ ಅದಕ್ಕೆ ಬಹಳ ಇಷ್ಟ ಎಂದರು. ಉಳಿದ ಹುಡುಗಿಯರ ಗುಳ್ಳೆಯ ಬಗ್ಗೆ ವಿವರಿಸಿದಾಗ ಅದು ಬೆವರುಸಾಲೆ ಇರಬಹುದು, ಬೆವರಿನ ರಂಧ್ರ ಕಟ್ಟಿಕೊಂಡಾಗ ಹಾಗಾಗುತ್ತದೆ ಎಂದರು.

ಬಟ್ಟೆಯ ವಿಷಯ ನಾನು ಸ್ವಲ್ಪ ಓದಿಕೊಂಡೆ. ಗಾಳಿಯಲ್ಲಿ ಸಾಧಾರಣ ತೇವ ಇದ್ದಾಗ ಹತ್ತಿ ತನ್ನ ತೂಕದ ಶೇ. 8ರಷ್ಟು ನೀರನ್ನು ಎಳೆಯ ಒಳಗೇ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ಅಂದರೆ ಬೆವರು ಪಾಲಿಯೆಸ್ಟರ್ ಎಳೆಯ ಒಳಗೆ ಹೋಗುವುದೇ ಇಲ್ಲ. ಎಳೆಗಳ ನಡುವೆ ಹರಡಿ, ಹೊರಗೆ ಬಂದು, ಗಾಳಿಗೆ ಆರಬೇಕು. ಬಯಲುಸೀಮೆಯ ಒಣ ಗಾಳಿಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಅದಕ್ಕೇ ದೊಡ್ಡ ಓಟಗಾರರು ಅದನ್ನು ಹಾಕುವುದು. ಆದರೆ ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಗಾಳಿಯೇ ಒದ್ದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅದು ಚರ್ಮ ಮತ್ತು ಬಟ್ಟೆಯ ನಡುವೆ ಅಂಟಾಗಿ ನಿಂತುಬಿಡುತ್ತದೆ.

ವಾಸನೆಗೂ ಕಾರಣ ಸಿಕ್ಕಿತು. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. 26 ಜನಕ್ಕೆ ಒಂದು ಗಂಟೆ ಸೈಕಲ್ ತುಳಿಸಿ, ಅವರ ಟೀ ಶರ್ಟುಗಳನ್ನು ಮರುದಿನ ಮೂಸಿ ನೋಡಿಸಿದರು. ಪಾಲಿಯೆಸ್ಟರ್ ಅಂಗಿಗಳ ವಾಸನೆ ಹತ್ತಿಗಿಂತ ಸ್ಪಷ್ಟವಾಗಿ ಕೆಟ್ಟದಾಗಿತ್ತು. ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆದಿತ್ತು. ಮೈಯ ಎಣ್ಣೆಯಂಶ ಆ ಎಳೆಗೆ ಅಂಟಿ ಕೂರುತ್ತದೆ, ತಣ್ಣೀರಲ್ಲಿ ತೊಳೆದರೆ ಪೂರ್ತಿ ಬಿಡುವುದಿಲ್ಲ. ಇದನ್ನು ಓದಿದ ದಿನ ನಾನು ತಂಡವನ್ನು ಕೂರಿಸಿಕೊಂಡು ಹೇಳಿದೆ: ವಾಸನೆ ನಿಮ್ಮದಲ್ಲ, ನಾನು ಸುಮ್ನೆ ನಿಮ್ಮನ್ನು ಬೈದೆ, ತಪ್ಪಾಯ್ತು. ಆಮೇಲೆ ಅವರು ಮಾತಾಡಲು ಶುರು ಮಾಡಿದರು. ಎಲ್ಲಿ ಉರಿಯುತ್ತದೆ, ಎಲ್ಲಿ ಬಿಗಿ, ತಿಂಗಳ ಆ ದಿನಗಳಲ್ಲಿ ಏನು ಕಷ್ಟ, ಎಲ್ಲ ಹೊರಗೆ ಬಂತು. ಒಳ್ಳೆ ನಿರ್ಧಾರಗಳು ಬಂದದ್ದು ಆ ಮಾತುಗಳಿಂದಲೇ.

ಮೊದಲ ಪ್ರಯತ್ನ: ಸಂತೆಯ ಕಾಟನ್ ಟೀ ಶರ್ಟ್

ಜುಲೈ ಕೊನೆಗೆ ವಾರದ ಸಂತೆಯಲ್ಲಿ 12 ಬಿಳಿ ಟೀ ಶರ್ಟ್ ತಂದೆ. ದಪ್ಪ ಬನಿಯನ್ ಬಟ್ಟೆ. ಗುಳ್ಳೆ ಕಡಿಮೆ ಆಗತೊಡಗಿತು, ಅದು ನಿಜ. ಆದರೆ ಉಳಿದದ್ದೆಲ್ಲ ಎಡವಟ್ಟು.

ಮಳೆ ಬಿದ್ದರೆ ಬಿಳಿ ಬಟ್ಟೆ ಮೈಗಂಟಿ ಒಳಗಿನದೆಲ್ಲ ಕಾಣುತ್ತಿತ್ತು. ಹುಡುಗಿಯರು ಕೈ ಕಟ್ಟಿಕೊಂಡು ಓಡುತ್ತಿದ್ದರು. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಎರಡನೆಯದು ಭಾರ. ಬಿಸಿಯೂಟದ ಅಕ್ಕಂದಿರ ತಕ್ಕಡಿಯಲ್ಲಿ ತೂಗಿ ನೋಡಿದೆವು. ಒಣಗಿದ್ದಾಗ 160 ಗ್ರಾಂ ಇದ್ದ ಟೀ ಶರ್ಟ್ ಪ್ರಾಕ್ಟೀಸ್ ಮುಗಿದಾಗ 400 ಗ್ರಾಂ ದಾಟಿತ್ತು. ಅದೇ ದಿನ ನೀಲಿ ಜೆರ್ಸಿ 130ರಿಂದ 210ಕ್ಕೆ ಏರಿತ್ತು. ಒದ್ದೆ ಹತ್ತಿ ಉಬ್ಬುತ್ತದೆ, ಜೋತು ಬೀಳುತ್ತದೆ, ಕಂಕುಳಲ್ಲಿ ತಿಕ್ಕುತ್ತದೆ. ಮೂರನೆಯದು ಒಣಗಿಸುವುದು. ಆ ದಪ್ಪ ಬಟ್ಟೆ ಮಳೆಗಾಲದಲ್ಲಿ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಅರೆ ಒದ್ದೆಯಲ್ಲೇ ಹಾಕಿ ಬಂದರೆ ಮತ್ತೆ ಹಳೆ ಕಥೆ.

ಇನ್ನೂ ಒಂದು ವಿಚಿತ್ರ ಇತ್ತು. ನಾಲ್ಕು ಟೀ ಶರ್ಟ್ ಮಾತ್ರ ಬೇಗ ಒಣಗುತ್ತಿದ್ದವು, ಆ ಹುಡುಗಿಯರ ತುರಿಕೆಯೂ ಇಳಿದಿರಲಿಲ್ಲ. ಊರಿನ ಟೇಲರ್ ಅಣ್ಣನಿಗೆ ತೋರಿಸಿದೆ. ಅವರು ಅಂಚಿನ ಎರಡು ಎಳೆ ಕಿತ್ತು ಕಡ್ಡಿ ಗೀರಿದರು. ಎಳೆ ಬೆಂಕಿಯಿಂದ ದೂರ ಸರಿದು, ಕರಗಿ, ತುದಿಯಲ್ಲಿ ಗಟ್ಟಿ ಕಪ್ಪು ಮಣಿಯಾಯಿತು. ಇನ್ನೊಂದು ಟೀ ಶರ್ಟಿನ ಎಳೆ ಕಾಗದದಂತೆ ಉರಿದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯಿತು. "ಮಣಿ ಕಟ್ಟಿದ್ರೆ ಅದ್ರಲ್ಲಿ ಪಾಲಿಯೆಸ್ಟರ್ ಇದೆ ಅಕ್ಕೋರೆ. ಲೇಬಲ್ಲಿನ ಮೇಲೆ ಏನು ಬೇಕಾದ್ರೂ ಬರೀತ್ರು." ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಬಟ್ಟೆಗೆ ಬೆಂಕಿ ತಾಗಿಸಬಾರದು. ಎಳೆಯನ್ನು ಬಿಡಿಸಿ, ಚಿಮಟದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಮಾಡಬೇಕು.

ಎರಡನೇ ಪ್ರಯತ್ನ: ಟೇಲರ್ ಅಣ್ಣನ ಅಂಗಿ

ಹತ್ತಿ ಬೇಕು, ಆದರೆ ಬೇರೆ ಥರದ ಹತ್ತಿ ಬೇಕು ಎಂದು ಟೇಲರ್ ಅಣ್ಣನೇ ಹೇಳಿದ್ದು. ಹೆಣೆದ ಬನಿಯನ್ ಬಟ್ಟೆ ಬಿಟ್ಟು, ಮಗ್ಗದಲ್ಲಿ ನೇಯ್ದ ತೆಳು ಬಟ್ಟೆ. ಅದು ಮೈಗೆ ಅಂಟುವುದು ಕಡಿಮೆ, ನಡುವೆ ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ಆದರೆ ಹಿಗ್ಗುವುದಿಲ್ಲ. ಖೋ-ಖೋದಲ್ಲಿ ಕಂಬಕ್ಕೆ ಡೈವ್ ಹೊಡೆಯುವವಳ ಕೈ ಪೂರ್ತಿ ಚಾಚಬೇಕು. ಅದಕ್ಕೆ ಅವರು ಹಳೆ ಕಾಲದ ಜುಬ್ಬಾದಂತೆ ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಿದರು. ಪಕ್ಕದಲ್ಲಿ ಸೀಳು ಬಿಟ್ಟರು. ಚಡ್ಡಿಗೆ ಎಲಾಸ್ಟಿಕ್ ಬದಲು ಅಗಲ ಪಟ್ಟಿ, ಲಾಡಿ. ಬಣ್ಣವನ್ನು ಹುಡುಗಿಯರೇ ಆರಿಸಿದರು. ಕಡು ಮೆರೂನ್. ಒದ್ದೆಯಾದರೂ ಏನೂ ಕಾಣಬಾರದು, ತಿಂಗಳ ದಿನಗಳಲ್ಲೂ ಹೆದರಿಕೆ ಇರಬಾರದು ಎಂಬ ಅವರ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ಬಟ್ಟೆ ತಂದದ್ದು ಹುಬ್ಬಳ್ಳಿ ಕಡೆಯ ಖಾದಿ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಒಂದು ಕಾಲಕ್ಕೆ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಇಲ್ಲಿಂದ ಹಡಗು ಹತ್ತುತ್ತಿದ್ದ ಕಾರಣಕ್ಕೆ ಘಟ್ಟದ ಮೇಲೆ ಬೆಳೆದ ಆ ಹತ್ತಿಗೆ ದೂರದ ಮಾರುಕಟ್ಟೆಗಳಲ್ಲಿ 'ಕುಮಟಾ' ಎಂದೇ ಹೆಸರು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಬ್ರಿಟಿಷರು ಕಾರವಾರ ಬಂದರಿನ ಮೇಲೆ ಕಣ್ಣಿಟ್ಟರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರ ಇತ್ತು. ತಂಡಕ್ಕೆ ಇದನ್ನು ಹೇಳಿದಾಗ ಒಬ್ಬಳು "ಹಾಗಾದ್ರೆ ಇದು ನಮ್ಮೂರಿನ ಹೆಸರಿನ ಬಟ್ಟೆ ಅಲ್ವಾ ಅಕ್ಕೋರೆ?" ಎಂದಳು. ಬೆನ್ನ ಮೇಲೆ ಹೆಸರಿಲ್ಲದ ಅಂಗಿ ಅವರಿಗೆ ಹತ್ತಿರವಾದದ್ದು ಆ ದಿನ.

ಮೊದಲ ಸೆಟ್‌ನಲ್ಲಿ ಒಂದು ತಪ್ಪಾಯಿತು. ಅವಸರದಲ್ಲಿ ಬಟ್ಟೆ ನೆನೆಸದೆ ಕತ್ತರಿಸಿದೆವು. ಎರಡು ತೊಳೆತಕ್ಕೆ ತೋಳು ಒಂದು ಇಂಚು ಮೇಲೆ ಹೋಯಿತು. ಎರಡನೇ ಸೆಟ್‌ಗೆ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿಟ್ಟು, ಒಣಗಿಸಿ ಹೊಲಿದರು. ಆ ಸೆಟ್ ಮಾಡಿಸಿದ್ದು ಅಕ್ಟೋಬರ್‌ನಲ್ಲಿ, ಗಾಂಧಿ ಜಯಂತಿಯ ರಿಯಾಯಿತಿ ಸಿಕ್ಕಾಗ. ಖರ್ಚು ಕಡಿಮೆ ಏನಲ್ಲ. ಒಂದು ಸೆಟ್‌ಗೆ ಆದದ್ದು ಸಂತೆಯ ಟೀ ಶರ್ಟಿನ ಮೂರು ಪಟ್ಟು. ಶಾಲೆಯ ಅಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅರ್ಧ ಕೊಟ್ಟಿತು, ಉಳಿದದ್ದು ಟೀಚರುಗಳು ಹಾಕಿದೆವು.

ತಕ್ಕಡಿ ಮತ್ತೆ ಬಂತು. ಖಾದಿ ಅಂಗಿ 120 ಗ್ರಾಂ, ಪ್ರಾಕ್ಟೀಸ್ ಆದಮೇಲೆ 230. ಜೆರ್ಸಿಗಿಂತ ಸ್ವಲ್ಪ ಜಾಸ್ತಿ, ಟೀ ಶರ್ಟಿನ ಹತ್ತಿರಕ್ಕೂ ಇಲ್ಲ.

ಬಟ್ಟೆಯ ಜೊತೆಗೇ ಆದ ಬದಲಾವಣೆಗಳು

ಬಟ್ಟೆ ಬದಲಿಸಿ ಸುಮ್ಮನಿದ್ದರೆ ಇದು ಕೆಲಸ ಮಾಡುತ್ತಿರಲಿಲ್ಲ ಎಂದು ನನಗೆ ಖಚಿತ. ಆಟದ ಸಾಮಾನಿನ ಕೋಣೆ ಖಾಲಿ ಮಾಡಿ ಪರದೆ ಕಟ್ಟಿದೆ. 9 ಗಂಟೆಗೆ ಪ್ರಾಕ್ಟೀಸ್ ಬಿಟ್ಟು, ಹತ್ತು ನಿಮಿಷ ಬಟ್ಟೆ ಬದಲಿಸಲು ಅಂತಲೇ ಇಟ್ಟೆ. ಮೈ ಒರೆಸಿ, ಒಣ ಒಳ ಉಡುಪು ಹಾಕಿ, ಆಮೇಲೆ ಯೂನಿಫಾರ್ಮ್. ಪ್ರತಿಯೊಬ್ಬಳಿಗೂ ಅವಳದೇ ಟವೆಲ್.

ಒಣಗಿಸುವ ದಾರಿ ತೋರಿಸಿದವರು ತಾಯಂದಿರು. ಬಚ್ಚಲ ಹಂಡೆಯ ಕುದಿ ನೀರಲ್ಲಿ ಅಂಗಿ ಅದ್ದಿ, ಹಿಂಡಿ, ಬಚ್ಚಲ ಒಲೆಯ ಮೇಲಿನ ಬಿದಿರಿನ ಗಳಕ್ಕೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಸಿದ್ಧ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಅಷ್ಟೆ. ಹತ್ತಿ ಕುದಿ ನೀರನ್ನೂ ಕೆಂಡದ ಇಸ್ತ್ರಿಯನ್ನೂ ತಡೆಯುತ್ತದೆ. ನೀಲಿ ಜೆರ್ಸಿಗೆ ಅದೇ ಇಸ್ತ್ರಿ ತಾಗಿಸಿದರೆ ಬಟ್ಟೆ ಕರಗಿ ಅಂಟಿಕೊಳ್ಳುತ್ತದೆ. ಚರ್ಮದ ತೊಂದರೆ ಇರುವ ಮನೆಗೆ ಈ ಒಂದು ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ಕೂತಿದೆ. ನಮ್ಮ ಮಕ್ಕಳ ಬಟ್ಟೆ ತೊಳೆದ ನೀರು ತೋಡಿಗೆ, ತೋಡಿನಿಂದ ಅಳಿವೆಗೆ ಹೋಗುತ್ತದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ, ವಾಷಿಂಗ್ ಮಷಿನ್‌ನಲ್ಲಿ 6 ಕೆಜಿ ಪಾಲಿಯೆಸ್ಟರ್ ಬಟ್ಟೆ ಒಂದು ಸಲ ತೊಳೆದರೆ ಸುಮಾರು 5 ಲಕ್ಷ ಸಣ್ಣ ಎಳೆ ಉದುರಬಹುದು ಎಂದು ಲೆಕ್ಕ ಹಾಕಿದ್ದರು. ನಾವು ಕಲ್ಲಿನ ಮೇಲೆ ಒಗೆಯುವವರು, ನಮ್ಮ ಲೆಕ್ಕ ಬೇರೆ ಇರಬಹುದು. ಹತ್ತಿಯೂ ಎಳೆ ಬಿಡುತ್ತದೆ, ಆದರೆ ಅದು ಮಣ್ಣಲ್ಲಿ, ನೀರಲ್ಲಿ ಕೊಳೆತು ಹೋಗುತ್ತದೆ. ಪಾಲಿಯೆಸ್ಟರ್ ಪ್ಲಾಸ್ಟಿಕ್ಕೇ. ಬಳಚು ನೀರನ್ನು ಸೋಸಿ ತಿಂದು ಬದುಕುವ ಜೀವ. ಅದೇ ಬಳಚು ನಮ್ಮ ಹುಡುಗಿಯರ ಬಟ್ಟಲಿಗೆ ಬರುತ್ತದೆ.

ಏನಾಯಿತು

ಗುಳ್ಳೆ ಎದ್ದಿದ್ದ 5 ಜನರಲ್ಲಿ 4 ಜನರದ್ದು ಆಗಸ್ಟ್ ಮುಗಿಯುವ ಹೊತ್ತಿಗೆ ಪೂರ್ತಿ ಹೋಯಿತು. ಒಬ್ಬಳಿಗೆ ಕುತ್ತಿಗೆಯಲ್ಲಿ ಸ್ವಲ್ಪ ಉಳಿಯಿತು, ಸೆಖೆ ಕಡಿಮೆಯಾದ ಮೇಲೆ ತಾನಾಗಿ ಮಾಯಿತು. ಹುಳುಕಡ್ಡಿ ಆಗಿದ್ದ ಹುಡುಗಿಗೆ ಔಷಧಿಯೇ ಎರಡು ತಿಂಗಳು ಬೇಕಾಯಿತು. ಅವಳ ಮನೆಯವರಿಗೂ ಚಿಕಿತ್ಸೆ ಕೊಟ್ಟರು. ಸೆಪ್ಟೆಂಬರ್‌ನ ತಾಲ್ಲೂಕು ಕ್ರೀಡಾಕೂಟಕ್ಕೆ ಅವಳು ಆಡಲಿಲ್ಲ, ಬೌಂಡರಿ ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ನಾವು ಸೆಮಿಫೈನಲ್‌ನಲ್ಲಿ ಸೋತೆವು. ಅವಳಿದ್ದಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ. ಜುಲೈ ಮೊದಲ ವಾರದಲ್ಲೇ ನಾನು ಪಾಠ ಮಾಡುವ ಬದಲು ಕೇಳಿದ್ದರೆ ಅವಳು ಆಡುತ್ತಿದ್ದಳು.

ಕ್ರೀಡಾಕೂಟದ ದಿನ ನಾವು ಹಾಕಿದ್ದು ನೀಲಿ ಜೆರ್ಸಿಯನ್ನೇ. ಇದು ಯೋಚಿಸಿ ಮಾಡಿದ ನಿರ್ಧಾರ. ನಂಬರು ಬೇಕಿತ್ತು, ಪಂದ್ಯ ಅರ್ಧ ಗಂಟೆಯದ್ದು, ಮಕ್ಕಳಿಗೆ ಆ ಜೆರ್ಸಿಯ ಮೇಲೆ ಪ್ರೀತಿ ಇತ್ತು. ಪಂದ್ಯ ಮುಗಿದ ಕೂಡಲೇ ಬದಲಿಸಿ ಖಾದಿ ಹಾಕಿಕೊಂಡರು. ಅರ್ಧ ಗಂಟೆ ಹಾಕಿದ ಪಾಲಿಯೆಸ್ಟರ್‌ನಿಂದ ಯಾರಿಗೂ ಏನೂ ಆಗಲಿಲ್ಲ. ದಿನಕ್ಕೆ ಎಂಟು ಗಂಟೆ ಒದ್ದೆಯಾಗಿ ಮೈಮೇಲೆ ಇದ್ದಾಗ ಆದದ್ದೇ ಬೇರೆ.

ಜೆರ್ಸಿ ಕೊಟ್ಟ ಹುಡುಗನಿಗೆ ಫೋನ್ ಮಾಡುವುದು ನನಗೆ ಬಹಳ ಕಷ್ಟವಾಯಿತು. ಅವನ ಸಂಬಳದಲ್ಲಿ ಅಷ್ಟು ಜೆರ್ಸಿ ಮಾಡಿಸುವುದು ಸಣ್ಣ ಮಾತಲ್ಲ. ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ನಂಗೆ ಗೊತ್ತಿರ್ಲಿಲ್ಲ ಅಕ್ಕೋರೆ" ಎಂದ. ಅವನ ದನಿಯಲ್ಲಿ ನೋವಿತ್ತು. ಮುಂದಿನ ಜೂನ್‌ನಲ್ಲಿ ಮತ್ತೆ ಪಾರ್ಸೆಲ್ ಬಂತು. 12 ಟವೆಲ್, ಅದರ ಕೆಳಗೆ ಪಂದ್ಯಕ್ಕೆ ಅಂತ ಹೊಸ ನಂಬರಿನ ಎರಡು ನೀಲಿ ಜೆರ್ಸಿ.

ಆ ಓಟಗಾರ್ತಿ ಈಗ 10ನೇ ತರಗತಿಯಲ್ಲಿ ನಮ್ಮ ಕ್ಯಾಪ್ಟನ್. ಹೊಸದಾಗಿ ಸೇರಿದ ಮಕ್ಕಳಿಗೆ ಪರದೆಯ ಹಿಂದಿನ ಹತ್ತು ನಿಮಿಷದ ನಿಯಮ ಹೇಳಿಕೊಡುವವಳು ಅವಳೇ. ಯಾರಿಗಾದರೂ ತುರಿಕೆ ಇದ್ದರೆ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಚಡ್ಡಿಯ ವಿಷಯ ಮಾತ್ರ ಇನ್ನೂ ಮುಗಿದಿಲ್ಲ. ಚೌಕದಿಂದ ಎದ್ದು ಓಡುವಾಗ ತೊಡೆಯ ಹೊಲಿಗೆ ಬಿಡುತ್ತದೆ. ಟೇಲರ್ ಅಣ್ಣ ಎರಡು ಸಲ ಬದಲಿಸಿ ನೋಡಿದರು. ಈಗ ಅಲ್ಲಿಯೂ ಕಂಕುಳಲ್ಲಿ ಇಟ್ಟಂಥ ಚೌಕದ ತುಂಡು ಇಟ್ಟು ಹೊಲಿಯುತ್ತಿದ್ದಾರೆ. ಸೋಮವಾರ ಕೊಡುತ್ತೇನೆ ಎಂದಿದ್ದಾರೆ.